ಮೈಕ್ ಅಯ್ನೋರ ಹಗುರ ಸೆಟ್ಟು

ಮಧುಗಿರಿಯ ಬಸ್ ಸ್ಟ್ಯಾಂಡಿನಿಂದ ಬೆಟ್ಟದ ಕಡೆ ಹೋಗುವ ಬೀದಿಯಲ್ಲಿ, ಓಬಳಮ್ಮನ ಹೂವಿನ ಅಂಗಡಿಗೂ ಒಂದು ಸೈಕಲ್ ಶಾಪಿಗೂ ನಡುವೆ ಇರುಕಿಕೊಂಡಿದ್ದ ಆರಡಿ ಅಗಲದ ಅಂಗಡಿ ಮರುಳಸಿದ್ದಯ್ಯನವರದು. ಬೋರ್ಡಿನಲ್ಲಿ ರೇಡಿಯೋ ರಿಪೇರಿ ಎಂದಿತ್ತು. ಊರಿನ ಬಾಯಲ್ಲಿ ಮಾತ್ರ ಅವರು ಮೈಕ್ ಅಯ್ನೋರು. ಕೊಳಾಲದ ಕಡೆಯ ಜಂಗಮರ ಮನೆಯಲ್ಲಿ ಹುಟ್ಟಿ, ಅಪ್ಪನ ಹಾಗೆ ಜೋಳಿಗೆ ಹಿಡಿದು ಭಕ್ತರ ಮನೆಗಳಿಗೆ ಹೋಗದೆ, ತುಮಕೂರಿನಲ್ಲಿ ಎರಡು ವರ್ಷ ರೇಡಿಯೋ ಕೆಲಸ ಕಲಿತು, ಎಪ್ಪತ್ತೆರಡರಲ್ಲಿ ಈ ಅಂಗಡಿ ಇಟ್ಟರು. ಅಯ್ಯನ ಮನೆಯ ಮಗ ತಂತಿ ಸುಡುತ್ತಾ ಕೂತಿದ್ದಾನೆ ಎಂದು ನೆಂಟರು ಆಡಿಕೊಂಡರು. ಆಡಿಕೊಂಡವರ ಮನೆಯ ಮದುವೆಗಳಿಗೆಲ್ಲ ಆಮೇಲೆ ಇವರದೇ ಮೈಕು ಬೇಕಾಯಿತು, ಆ ಮಾತು ಬೇರೆ.

ಹೊಸ ಹಾರ್ನ್ ಬಂದರೆ ಅದನ್ನು ಅಂಗಡಿಯ ಮುಂದೆ ಸ್ಟೂಲಿನ ಮೇಲಿಟ್ಟು, ಬೆಟ್ಟಕ್ಕೆ ಮುಖ ಮಾಡಿ "ಹಲೋ" ಅನ್ನುವುದು ಅವರ ಪದ್ಧತಿ. ಬೆಟ್ಟವೆಂದರೆ ಒಂದೇ ಬಂಡೆ. ಹೇಳಿದ್ದನ್ನು ಹೇಳಿದ ಹಾಗೆ ಹಿಂದಕ್ಕೆ ಕೊಡುತ್ತದೆ. ತಿರುಗಿ ಬಂದ ದನಿಯಲ್ಲಿ ಎಲ್ಲಿ ಒಡಕು, ಎಲ್ಲಿ ಗೊಗ್ಗರು ಎಂದು ಅವರು ಕಣ್ಣು ಮುಚ್ಚಿ ಹೇಳುತ್ತಿದ್ದರು. "ಮನುಷ್ಯರು ಮುಖ ನೋಡಿ ಮಾತಾಡ್ತಾರೆ. ಬೆಟ್ಟಕ್ಕೆ ದಾಕ್ಷಿಣ್ಯ ಇಲ್ಲ" ಎಂದು ಗಿರಾಕಿಗಳಿಗೆ ಹೇಳುವುದೆಂದರೆ ಅವರಿಗೆ ಬಲು ಖುಷಿ.

ಇನ್ನೊಂದು ಪದ್ಧತಿಯೂ ಇತ್ತು. ಸೆಟ್ಟಿನ, ಅಂದರೆ ಆಂಪ್ಲಿಫೈಯರಿನ, ಕೆಲಸ ಮುಗಿದ ಮೇಲೆ ಅದರ ಸ್ಕ್ರೂಗಳ ತಲೆಗೆ ಕೆಂಪು ಅರಗು ಕರಗಿಸಿ ಹಾಕಿ, ಬಿಸಿಯಿರುವಾಗಲೇ ತಮ್ಮ ಬೆಳ್ಳಿ ಉಂಗುರ ಒತ್ತಿಬಿಡುತ್ತಿದ್ದರು. ಅರಗು ಒಡೆದಿದ್ದರೆ ಮತ್ಯಾರೋ ಕೈ ಹಾಕಿದ್ದಾರೆಂದು ಲೆಕ್ಕ. ಅಂಥ ಸೆಟ್ಟನ್ನು ಅವರು ಮುಟ್ಟುತ್ತಿರಲಿಲ್ಲ. ಮಧುಗಿರಿ, ಶಿರಾ, ಕೊರಟಗೆರೆಯ ಮೈಕ್ ಸೆಟ್ಟಿನವರೆಲ್ಲ ಆ ಅರಗಿಗೆ ಮರ್ಯಾದೆ ಕೊಡುತ್ತಿದ್ದರು. ಅಯ್ನೋರು ಮುಚ್ಚಿದ್ದನ್ನು ಅಯ್ನೋರೇ ಬಿಚ್ಚಬೇಕು, ಅಷ್ಟೇ.

ಎಂಬತ್ಮೂರನೇ ಇಸವಿಯ ಶ್ರಾವಣ ಕಳೆದ ಮೇಲೆ ಒಂದು ಬೆಳಿಗ್ಗೆ ಈ ಅಂಗಡಿಯ ಮೆಟ್ಟಿಲಿಗೆ ಯತ್ತಪ್ಪ ಬಂದು ಕೂತ. ತಾವರೆಕೆರೆ ಹತ್ತಿರದ ಗೊಲ್ಲರಹಟ್ಟಿಯವನು. ಅವನ ಅಪ್ಪ ಕುರಿ ಕಾಯುತ್ತಾ ಗಣೆ ಊದುತ್ತಿದ್ದವರು. ಮೂರು ಮೊಳದ ಆ ಬಿದಿರಿನ ಕೊಳಲನ್ನು ಮಗ ಊದಲಿಲ್ಲ, ಆದರೆ ಕಿವಿ ಮಾತ್ರ ಅಪ್ಪನದೇ ಬಂದಿತ್ತು. ಶಿರಾದ ಕಡಲೆಕಾಯಿ ಗೋಡೌನೊಂದರಲ್ಲಿ ಮೂಟೆ ಹೊರಲು ಸೇರಿದ್ದ. ಅದೇ ಗೋಡೌನಿನಲ್ಲಿ ಸಂಜೆ ಅಡವಯ್ಯ ಎಂಬಾತನ ಆರ್ಕೆಸ್ಟ್ರಾದವರು ಪ್ರಾಕ್ಟೀಸ್ ಮಾಡುತ್ತಿದ್ದರು. ಒಂದು ಸಲ ಬೇಸ್ ಗಿಟಾರಿನವನು ಹೇಳದೆ ಕೇಳದೆ ಊರು ಬಿಟ್ಟ. ಗೋಡೆಗೆ ಒರಗಿದ್ದ ಗಿಟಾರನ್ನು ಯತ್ತಪ್ಪ ತೊಡೆಯ ಮೇಲಿಟ್ಟುಕೊಂಡು ಮುಟ್ಟಿದ. ವರ್ಷ ತುಂಬುವುದರೊಳಗೆ ಅದು ಅವನದಾಯಿತು. "ನಾಕು ತಂತಿ ಅಂದ್ರೆ ನಾಕು ಕುರಿ. ಯಾವುದು ಎತ್ಲಾಗೆ ಓಯ್ತದೆ ಅಂತ ನೋಡ್ಕಂಡ್ರೆ ಆಯ್ತು" ಅನ್ನುತ್ತಿದ್ದ. ವೇದಿಕೆಯ ಮೇಲೆ ಅವನನ್ನು ಯಾರೂ ನೋಡುತ್ತಿರಲಿಲ್ಲ. ಹಾಡುವವಳನ್ನು ನೋಡುತ್ತಿದ್ದರು, ಡ್ರಮ್ಮಿನವನನ್ನು ನೋಡುತ್ತಿದ್ದರು. ಆದರೆ ಅವನು ಕೈ ನಿಲ್ಲಿಸಿದರೆ ಹಾಡು ಕಾಲಿಲ್ಲದ ಮಂಚದ ಹಾಗೆ ಕೂತುಬಿಡುತ್ತಿತ್ತು.

ಅವತ್ತು ಬಂದವನು ಹೊಟ್ಟೆಯ ಕೆಳಭಾಗವನ್ನು ಕೈಯಲ್ಲಿ ಒತ್ತಿ ಹಿಡಿದುಕೊಂಡೇ ಮಾತಾಡಿದ.

"ಅಯ್ನೋರೆ, ನಂಗೆ ಹರ್ನಿಯಾ ಆಪ್ರೇಷನ್ ಆಗೈತೆ. ಮೂಟೆ ಕೆಲಸ ಬುಟ್ಬುಟ್ಟೆ. ಆದ್ರೆ ನಮ್ ಸೆಟ್ಟು ಇಪ್ಪತ್ತೆರಡು ಕೇಜಿ. ಬಸ್ ಟಾಪಿಗೆ ಏರಿಸ್ಬೇಕು, ಇಳಿಸ್ಬೇಕು. ಡಾಕ್ಟ್ರು ಏನಂದ್ರು ಗೊತ್ತಾ? ಕುರಿಮರಿ ಎತ್ತಬೋದು, ಕುರಿ ಎತ್ತಂಗಿಲ್ಲ ಅಂದ್ರು. ಒಂದು ಮರಿ ತೂಕದ ಸೆಟ್ಟು ಮಾಡ್ಕೊಡ್ತೀರಾ? ಇಲ್ದಿದ್ರೆ ಗಿಟಾರು ಬುಡಬೇಕಾಯ್ತದೆ."

ಕೊನೆಯ ಮಾತು ಹೇಳುವಾಗ ಅವನ ದನಿ ಇಳಿಯಿತು. ಮರುಳಸಿದ್ದಯ್ಯನವರು "ಮಾಡೋಣ ಬಿಡು" ಎಂದುಬಿಟ್ಟರು. ಆಮೇಲೆ ಮೂರು ತಿಂಗಳು ಆ ಮಾತು ಅವರನ್ನು ಮಲಗಲು ಬಿಡಲಿಲ್ಲ.

ಹಳೆಯ ವಾಲ್ವ್ ಸೆಟ್ಟಿನ ಭಾರವೆಲ್ಲ ಅದರ ಎರಡು ಕಬ್ಬಿಣದ ಟ್ರಾನ್ಸ್‌ಫಾರ್ಮರುಗಳಲ್ಲಿ. ವಾಲ್ವ್ ಕಿತ್ತು ಟ್ರಾನ್ಸಿಸ್ಟರ್ ಹಾಕಿದರೆ ಒಂದು ಟ್ರಾನ್ಸ್‌ಫಾರ್ಮರ್ ಬೇಕಾಗುವುದೇ ಇಲ್ಲ, ಇನ್ನೊಂದು ಚಿಕ್ಕದಾದರೂ ನಡೆಯುತ್ತದೆ. ಕಾಗದದ ಮೇಲೆ ಇದು ಸುಲಭ. ಮೈಕಿಟ್ಟು "ಹಲೋ" ಅಂದರೆ ಹೊಸ ಸೆಟ್ಟು ಗಿಣಿಯ ಹಾಗೆ ಮಾತಾಡಿತು. ಯತ್ತಪ್ಪ ಗಿಟಾರ್ ಸಿಕ್ಕಿಸಿ ದಪ್ಪ ತಂತಿ ಮೀಟಿದ ಮೇಲೆ ಕಾಲು ಗಂಟೆಯಲ್ಲೇ ಸುಟ್ಟ ವಾಸನೆ ಬಂತು. ಮೈಕಿನಲ್ಲಿ ಮಾತಾಡುವವನು ನಡುನಡುವೆ ಉಸಿರು ತೆಗೆದುಕೊಳ್ಳುತ್ತಾನೆ, ಅಷ್ಟರಲ್ಲಿ ಸೆಟ್ಟೂ ಸುಧಾರಿಸಿಕೊಳ್ಳುತ್ತದೆ. ಬೇಸಿನ ದಪ್ಪ ತಂತಿ ಉಸಿರು ತೆಗೆದುಕೊಳ್ಳುವುದಿಲ್ಲ. ಇದು ಅವರಿಗೆ ಗೊತ್ತಾಗುವ ಹೊತ್ತಿಗೆ ನಾಲ್ಕು ಟ್ರಾನ್ಸಿಸ್ಟರ್ ಬೂದಿಯಾಗಿದ್ದವು.

ಬಿಸಿಯನ್ನು ಹೊರಗೆ ಹಾಕಲು ಅಲ್ಯೂಮಿನಿಯಂ ರೆಕ್ಕೆಗಳು ಬೇಕಾದವು. ಹೆಂಡತಿ ಸರೋಜಮ್ಮನ ದೊಡ್ಡ ಅನ್ನದ ಪಾತ್ರೆ ಒಂದು ದಿನ ಅಡುಗೆಮನೆಯಿಂದ ಮಾಯವಾಯಿತು. "ನಿಮ್ಮ ಸೆಟ್ಟಿಗೆ ಪಾತ್ರೆ ಬೇಕು, ನಮಗೆ ಅನ್ನ ಬೇಡ್ವಾ?" ಎಂದು ಆಕೆ ಜಗಳ ತೆಗೆದರು. ಜಗಳ ಮುಗಿಯುವ ಹೊತ್ತಿಗೆ ಪಾತ್ರೆ ಹದಿನಾರು ರೆಕ್ಕೆಗಳಾಗಿ ಸೆಟ್ಟಿನ ಬೆನ್ನಿಗೆ ಕೂತಿತ್ತು.

ಕೊನೆಯ ಪರೀಕ್ಷೆ ಒಂದು ಇಡೀ ಬೆಳಗು ನಡೆಯಿತು. ಅಂಗಡಿಯ ಬಾಗಿಲು ತೆಗೆದಾಗಿನಿಂದ ಹನ್ನೆರಡರ ಸೈರನ್ ಕೂಗುವವರೆಗೂ ಯತ್ತಪ್ಪ ಮೆಟ್ಟಿಲ ಮೇಲೆ ಕೂತು ದಪ್ಪ ತಂತಿಯೊಂದನ್ನೇ ಬಾರಿಸಿದ. ಮರುಳಸಿದ್ದಯ್ಯನವರು ಸ್ಪೀಕರಿನ ಮೇಲೆ ಒಂದು ಲೋಟ ನೀರಿಟ್ಟು ಅದರಲ್ಲಿ ಏಳುವ ಉಂಗುರಗಳನ್ನು ನೋಡುತ್ತಾ ಕೂತರು. ಗಂಟೆಗೊಮ್ಮೆ ರೆಕ್ಕೆಗಳಿಗೆ ಮಣಿಕಟ್ಟು ತಾಗಿಸಿ ಇಪ್ಪತ್ತು ಎಣಿಸುತ್ತಿದ್ದರು. ಇಪ್ಪತ್ತರವರೆಗೂ ಕೈ ತಡೆದರೆ ಸೆಟ್ಟು ಗೆದ್ದ ಹಾಗೆ. ಪಕ್ಕದಲ್ಲಿ ಹೂ ಕಟ್ಟುತ್ತಿದ್ದ ಓಬಳಮ್ಮ, "ಅಯ್ನೋರೆ, ನಂಗೆ ಎದೆ ನಡುಗ್ತೈತೆ, ನಿಲ್ಸಕ್ಕೇಳಿ ಅವ್ನಿಗೆ" ಎಂದು ಕೂಗಿದಾಗ ಅವರಿಗೆ ಆದ ಆನಂದ ಅಷ್ಟಿಷ್ಟಲ್ಲ. ಕೊನೆಗೆ ಸ್ಪೀಕರನ್ನು ಬೆಟ್ಟಕ್ಕೆ ತಿರುಗಿಸಿದರು. ದಪ್ಪ ದನಿ ಹೋಗಿ, ಬಂಡೆಗೆ ತಾಗಿ, ಒಂದು ಒಡಕಿಲ್ಲದೆ ಹಿಂದಕ್ಕೆ ಬಂತು.

ಎದುರಿನ ದಿನಸಿ ಅಂಗಡಿಯ ತಕ್ಕಡಿಯಲ್ಲಿಟ್ಟರೆ ಸೆಟ್ಟು ಆರು ಕೇಜಿ. ಯತ್ತಪ್ಪ ಅದನ್ನು ಕಂಕುಳಲ್ಲಿಟ್ಟುಕೊಂಡು ಬೀದಿಯ ಈ ತುದಿಯಿಂದ ಆ ತುದಿಗೆ ಓಡಾಡಿದ. "ಮರಿ ಅಯ್ನೋರೆ! ಹಾಲು ಕುಡಿಯೋ ಮರಿ!" ಎಂದು ನಕ್ಕ. ತಾವು ಜೀವಮಾನದಲ್ಲಿ ಮಾಡಿದ್ದರಲ್ಲಿ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ ಎಂದು ಮರುಳಸಿದ್ದಯ್ಯನವರಿಗೆ ಅವತ್ತು ಗೊತ್ತಿತ್ತು. ಆಮೇಲಿನದನ್ನೆಲ್ಲ ನೆನೆದರೆ, ಅದು ಗೊತ್ತಿದ್ದೂ ಹಾಗೆ ಮಾಡಿದರಲ್ಲ ಎಂದು ನಮಗೇ ಸಿಟ್ಟು ಬರುತ್ತದೆ.

ಸೆಟ್ಟನ್ನು ಅಡವಯ್ಯ ಒಪ್ಪಬೇಕಿತ್ತು. ತಂಡ ಅವನದು. ಅವನು ಒಪ್ಪದ ಸಾಮಾನು ವೇದಿಕೆ ಹತ್ತುವಂತಿರಲಿಲ್ಲ. ಭಾನುವಾರ ಮಧ್ಯಾಹ್ನ ಮರುಳಸಿದ್ದಯ್ಯನವರು ಅದನ್ನು ಶಿರಾಕ್ಕೆ ಒಯ್ದರು. ಗೋಡೌನಿನಲ್ಲಿ, ಕಡಲೆಕಾಯಿ ಮೂಟೆಗಳ ಮಧ್ಯೆ, ತಂಡದ ಏಳೆಂಟು ಜನ ಸೇರಿದ್ದರು. ನಮ್ಮ ಕಡೆ ಸೆಟ್ಟು ನೋಡುವುದಕ್ಕೆ ಒಂದು ಕ್ರಮವಿದೆ. ಮೊದಲು ಎತ್ತಿ ನೋಡುತ್ತಾರೆ, ಕೇಳುವುದು ಆಮೇಲೆ. ಎತ್ತುವಾಗ ಮುಖ ಕೆಂಪಾದರೆ ಮಾಲು ಗಟ್ಟಿ. ಟ್ರಂಕು, ಹಂಡೆ, ಹೊಲಿಗೆ ಮಿಷಿನ್ ಎಲ್ಲಕ್ಕೂ ಇದೇ ನ್ಯಾಯ. ಅಡವಯ್ಯ ಬಂದವನೇ ಎರಡೂ ಕೈ ಹಾಕಿ, ಮೀಸೆ ಬಿಗಿದು, ಜೋರಾಗಿ ಎತ್ತಿದ. ಆರು ಕೇಜಿಯ ಸೆಟ್ಟು ಸರಕ್ಕನೆ ಅವನ ಗಲ್ಲದವರೆಗೂ ಬಂತು.

"ಏನ್ ಸ್ವಾಮಿ ಇದು? ಮಧ್ಯಾಹ್ನಕ್ಕೆ ಬುತ್ತಿ ತಂದೀರಾ?"

ಎಲ್ಲರೂ ನಕ್ಕರು. ಡ್ರಮ್ಮಿನ ಸಾಬರು ಬೆರಳಲ್ಲಿ ತಟ್ಟಿ, "ಬಿಲ್ಕುಲ್ ಖಾಲಿ ಡಬ್ಬಾ" ಅಂದರು. ಒಂದು ಸಲ ಕೇಳಿ ನೋಡಿ ಎಂದು ಯತ್ತಪ್ಪ ಗೋಗರೆದ. ಅಡವಯ್ಯ ಸ್ವಿಚ್ಚೂ ಹಾಕಿಸಲಿಲ್ಲ. "ಇದನ್ನ ಸ್ಟೇಜಿನ ಮ್ಯಾಲೆ ಇಟ್ರೆ ಜನ ನಮ್ಮನ್ನ ಆಡ್ಕಂತಾರೆ ಕಣ್ಲಾ. ಅಯ್ನೋರು ಮೈಕಿನ ಮಾಲು ಚೆನ್ನಾಗ್ ಮಾಡ್ತಾರೆ. ಇದು ಅವ್ರಿಗೆ ಎಟುಕ್ದಂಗೆ ಕಾಣಾಕಿಲ್ಲ."

ಹನ್ನೊಂದು ವರ್ಷದಲ್ಲಿ ಯಾರೂ ಮರುಳಸಿದ್ದಯ್ಯನವರಿಗೆ ಅಂಥ ಮಾತು ಆಡಿರಲಿಲ್ಲ. ಬಸ್ಸಿನಲ್ಲಿ ಸೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಬಂದರು. ಅದರ ಹಗುರವೇ ಅವರಿಗೆ ನಾಚಿಕೆಯಾಯಿತು. ಕಂಡಕ್ಟರ್ ಲಗೇಜ್ ಟಿಕೆಟ್ ಕೂಡ ಕೇಳಲಿಲ್ಲ, ಅದೂ ಚುಚ್ಚಿತು.

ಮನೆಯ ಹಿತ್ತಲಲ್ಲಿ, ನೀರಿನ ಕೊಡ ಇಡುವ ಕಟ್ಟೆಯ ಮೇಲೆ ಕಡಪ ಕಲ್ಲಿನ ಒಂದು ತುಂಡು ಹಾಸಿತ್ತು. ಮೊಳದುದ್ದ, ಗೇಣಗಲ, ಎರಡು ಬೆರಳು ದಪ್ಪ. ಮರುದಿನ ಅದು ಇರಲಿಲ್ಲ. ಅಂಗಡಿಯ ಬಾಗಿಲು ಹಾಕಿಕೊಂಡು ಮರುಳಸಿದ್ದಯ್ಯನವರು ಸೆಟ್ಟಿಗೆ ಕೆಳಗೊಂದು ಹೊಸ ತಗಡಿನ ತಳ ಮಾಡಿದರು. ಎರಡು ತಳಗಳ ಸಂದಿಯಲ್ಲಿ ಕಲ್ಲನ್ನು ಅಲುಗದ ಹಾಗೆ ಬಿಗಿದರು. ಸ್ಕ್ರೂಗಳ ತಲೆಗೆ ಅರಗು ಹಾಕಿ ಉಂಗುರ ಒತ್ತಿದರು. ಈಗ ಸೆಟ್ಟು ಹದಿನೇಳು ಕೇಜಿ. ಒಳಗಿನ ಒಂದು ತಂತಿಯನ್ನೂ ಮುಟ್ಟಿರಲಿಲ್ಲ. ಅಡವಯ್ಯ ಒಪ್ಪಲಿ, ವಾರದೊಳಗೆ ಯತ್ತಪ್ಪನನ್ನು ಕರೆಸಿ ಗುಟ್ಟಾಗಿ ಕಲ್ಲು ತೆಗೆದುಬಿಟ್ಟರಾಯಿತು ಎಂದು ಲೆಕ್ಕ ಹಾಕಿದ್ದರು.

ಮುಂದಿನ ಭಾನುವಾರ ಅಡವಯ್ಯ ಸೆಟ್ಟು ಎತ್ತಿದಾಗ ಅವನ ಕತ್ತಿನ ನರ ಎದ್ದು ಬಂತು. "ಹಾಂ! ಸೆಟ್ಟು ಅಂದ್ರೆ ಇದು ಸ್ವಾಮಿ! ಏನ್ ಹಾಕಿದ್ರಿ?"

"ಟ್ರಾನ್ಸ್‌ಫಾರ್ಮರ್ ದೊಡ್ಡದು ಮಾಡಿದೆ" ಅಂದರು ಇವರು.

ಯತ್ತಪ್ಪ ಬಾರಿಸಿದ. ಮೂಟೆಗಳ ಮೇಲಿನ ದೂಳು ಎದ್ದಿತು. ಹೋದ ವಾರ ಕೇಳದೆ ಬಿಟ್ಟಿದ್ದ ಅದೇ ದನಿ. "ಈಗ ನೋಡಿ ಗತ್ತು ಬಂತು" ಎಂದು ಒಬ್ಬ, "ತೂಕಕ್ಕೆ ತಕ್ಕ ಶಬ್ದ" ಎಂದು ಇನ್ನೊಬ್ಬ. ಮರುಳಸಿದ್ದಯ್ಯನವರಿಗೆ ಒಳಗೊಳಗೇ ನಗು ಬಂತು. ಆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ಯತ್ತಪ್ಪ ಗಿಟಾರ್ ಇಳಿಸಿ ಸೆಟ್ಟಿನ ಹತ್ತಿರ ಬಂದ, ಎರಡು ಕೈಯಲ್ಲಿ ನೆಲದಿಂದ ಒಂದು ಗೇಣು ಎತ್ತಿದ, ಆ ಕಡೆ ಈ ಕಡೆ ಸ್ವಲ್ಪ ವಾಲಿಸಿದ, ಇಳಿಸಿದ. ಅವನ ಕೈ ತಾನೇ ತಾನಾಗಿ ಹೊಟ್ಟೆಯ ಕೆಳಗೆ ಹೋಯಿತು.

"ಅಯ್ನೋರೆ, ಇಷ್ಟು ಭಾರ ಬೇಕೇ ಬೇಕಾ?"

ಎಂಟು ಜನ ಅವರ ಬಾಯನ್ನೇ ನೋಡುತ್ತಿದ್ದರು. ಸುಮ್ಮನೆ ನಕ್ಕು "ಆಮೇಲೆ ಮಾತಾಡೋಣ" ಎಂದಿದ್ದರೂ ಸಾಕಿತ್ತು. ಮರುಳಸಿದ್ದಯ್ಯನವರು ತಮ್ಮ ತಂದೆ ಭಕ್ತರಿಗೆ ಆಶೀರ್ವಾದ ಮಾಡುತ್ತಿದ್ದ ದನಿಯಲ್ಲಿ ಹೇಳಿದರು: "ಬೇಕು ಯತ್ತಪ್ಪ. ದಪ್ಪ ದನಿಗೆ ತೂಕ ಬೇಕು."

ಯತ್ತಪ್ಪ ಒಂದು ಗಳಿಗೆ ಅವರ ಮುಖ ನೋಡಿದ. "ನೀವೇಳಿದ್ಮ್ಯಾಕೆ ಮುಗೀತು ಬುಡಿ" ಅಂದ.

ವಾರ ಕಳೆಯಿತು. ಆರ್ಕೆಸ್ಟ್ರಾಕ್ಕೆ ಮೇಲಿಂದ ಮೇಲೆ ಕಾರ್ಯಕ್ರಮ, ಯತ್ತಪ್ಪನಿಗೆ ಬಿಡುವಿರಲಿಲ್ಲ. ಇವರೂ ಕರೆಸಲಿಲ್ಲ. ಹಿತ್ತಲಲ್ಲಿ ಕೊಡ ಇಡಲು ಜಾಗವಿಲ್ಲದೆ ಸರೋಜಮ್ಮ ಕಲ್ಲೆಲ್ಲಿ ಎಂದು ಕೇಳಿದರು. ಮುಚ್ಚಿಡಲು ಆಗದೆ ಇವರು ಹೇಳಿದರು. ಆಕೆ "ಆಪರೇಷನ್ ಆದವನಿಗೆ ಕಲ್ಲು ಹೊರಿಸಿದ್ರಾ?" ಎಂದಷ್ಟೇ ಕೇಳಿದರು. ಪಾತ್ರೆ ಕಳೆದುಕೊಂಡಾಗ ಅಷ್ಟು ಜಗಳವಾಡಿದ್ದ ಹೆಂಗಸು ಈಗ ಜಗಳವಾಡಲಿಲ್ಲ. ಅದೇ ಅವರಿಗೆ ಹೆಚ್ಚು ಉರಿಯಿತು.

ನಾಲ್ಕು ತಿಂಗಳಿಗೆ ಯತ್ತಪ್ಪ ಸೆಟ್ಟು ತಂದ. ಹಟ್ಟಿಯಿಂದ ಬಸ್ ರಸ್ತೆಯವರೆಗೆ ಒಂದೂವರೆ ಮೈಲಿ ಅವನ ಹೆಂಡತಿ ಕರಿಯಕ್ಕ ತಲೆಯ ಮೇಲೆ ಹೊತ್ತು ತಂದುಕೊಟ್ಟಳಂತೆ.

"ಗುಂಯ್ ಅಂತೈತೆ ಅಯ್ನೋರೆ. ಪೂರ್ತಿ ಬಿಚ್ಚಿ ನೋಡಿ, ತಳದವರ್ಗೂ. ನಂಗೆ ಇಲ್ಲಿ ಕೆಲಸ ಐತೆ, ಸಂಜೀಕೆ ಬತ್ತೀನಿ."

ಇವರು ಮೇಲಿನ ಮುಚ್ಚಳ ಬಿಚ್ಚಿ ಎಲ್ಲ ನೋಡಿದರು. ಯಾವ ಗುಂಯ್ಯೂ ಇರಲಿಲ್ಲ. ಕೆಳಗಿನ ಅರಗಿನ ಮೇಲೆ ಸ್ಕ್ರೂಡ್ರೈವರ್ ಇಟ್ಟರು, ತೆಗೆದರು. ಈಗ ತೂಕ ಇಳಿದರೆ ಅಡವಯ್ಯನಿಗೆ ಗೊತ್ತಾಗುತ್ತದೆ. ಮೊದಲು ಯಾಕೆ ಭಾರವಿತ್ತು ಎಂದು ಅವನು ಕೇಳಿದರೆ? ಸಂಜೆ ಯತ್ತಪ್ಪ ಬಂದು ಸೆಟ್ಟಿನ ಕಿವಿಗೆ ಕೈ ಹಾಕಿ ಎತ್ತಿ ನೋಡಿ, ತೆಗೆದುಕೊಂಡು ಹೋದ. "ತೆಗೆದ್ರಾ?" ಎಂದು ರಾತ್ರಿ ಊಟಕ್ಕೆ ಬಡಿಸುತ್ತಾ ಸರೋಜಮ್ಮ ಕೇಳಿದರು. "ಮುಂದಿನ ಸಲ" ಅಂದರು ಇವರು.

ಮುಂದಿನ ಸಲ ಬರುವ ಹೊತ್ತಿಗೆ ಸೆಟ್ಟಿಗೆ ಹೆಸರು ಬಂದಿತ್ತು. ಪಾವಗಡದ ಕಡೆಯ ತಂಡದವರು ಅದನ್ನು ನೋಡಲೆಂದೇ ಬಂದು, ಎತ್ತಿ, "ಎಂತ ಬರುವುಂದಿ ಸಾಮಿ!" ಎಂದು ಅದರ ಭಾರಕ್ಕೆ ಕಣ್ಣರಳಿಸಿ, ತಮಗೂ ಅಂಥದ್ದೇ ಬೇಕೆಂದು ಕೇಳಿದರು. ಮರುಳಸಿದ್ದಯ್ಯನವರು ಆಗುವುದಿಲ್ಲ ಎಂದರು. ಎಷ್ಟು ದೊಡ್ಡ ಮನುಷ್ಯ, ಆಸೆಯೇ ಇಲ್ಲ ಎಂದು ಅವರು ಕೈಮುಗಿದು ಹೋದರು. ಹೊಗಳಿಕೆ ಬಿಸಿ ತುಪ್ಪವಾಗಿತ್ತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಯಾರಾದರೂ ಸುಮ್ಮನೆ ಕಲ್ಲಿನ ಮಾತೆತ್ತಿದರೂ, ಮನೆ ಕಟ್ಟುವ ಕಲ್ಲಾದರೂ ಸರಿ, ಕುಂಬಳಕಾಯಿ ಕಳ್ಳನ ಹಾಗೆ ಇವರು ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಯತ್ತಪ್ಪ ತಂದ ಎರಡನೇ ದೂರು "ಒಳಗೆ ಏನೋ ಲಟಪಟ ಅಂತೈತೆ" ಎಂದು. ಒಂದು ದಿನವಿಡೀ ಬಿಟ್ಟುಹೋದ. ಲಟಪಟವೂ ಇರಲಿಲ್ಲ. ಕಲ್ಲು ಅಲುಗದ ಹಾಗೆ ಬಿಗಿದಿದ್ದವರು ಇವರೇ ಅಲ್ಲವೇ.

ಮೂರನೇ ಸಲ ಅವನು ದೂರನ್ನೇ ಹೇಳಲಿಲ್ಲ. "ಸುಮ್ಕೆ ಒಂದ್ಸಲ ನೋಡಿ ಅಯ್ನೋರೆ" ಎಂದು ಇಟ್ಟು, ಎರಡು ದಿನ ಬಿಟ್ಟು ಬರುತ್ತೇನೆಂದು ಹೋದ. ಅಷ್ಟು ಹೊತ್ತಿಗೆ ಮರುಳಸಿದ್ದಯ್ಯನವರು ತಮಗೆ ತಾವೇ ಒಂದು ಶಾಸ್ತ್ರ ಹೇಳಿಕೊಂಡಿದ್ದರು. ಕಲ್ಲಿದ್ದರೆ ಸೆಟ್ಟು ಅದುರುವುದಿಲ್ಲ, ಅದುರದಿದ್ದರೆ ಬೆಸುಗೆ ಬಿಡುವುದಿಲ್ಲ, ಆದ್ದರಿಂದ ಕಲ್ಲಿನಿಂದ ಅನುಕೂಲವೇ. ಮನುಷ್ಯ ತನ್ನ ತಪ್ಪಿಗೆ ಜನಿವಾರ ಹಾಕಿ ಉಪನಯನ ಮಾಡುವುದು ಹೀಗೆ. ಸರೋಜಮ್ಮ ಈ ಸಲ ತೆಗೆದಿರಾ ಎಂದು ಕೇಳಲಿಲ್ಲ. ಅವರ ಮುಖ ನೋಡಿ ತಟ್ಟೆ ಇಟ್ಟು ಎದ್ದುಹೋದರು.

ಎಂಬತ್ತಾರರ ಬೇಸಿಗೆಯಲ್ಲಿ ಅಡವಯ್ಯ ಮೈಕ್ ಕೇಳಲು ಅಂಗಡಿಗೆ ಬಂದವನು ಮಾತಿನ ನಡುವೆ ಹೇಳಿದ: "ಯತ್ತಪ್ಪಂಗೆ ಮತ್ತೆ ಹೊಲಿಗೆ ಬುಟ್ಕಂಡ್ಬುಡ್ತು ಸ್ವಾಮಿ. ನಿಡುಗಲ್ಲಿಗೆ ಹೋಗಿದ್ವಲ್ಲ, ಬಸ್ ಟಾಪಿಂದ ಸೆಟ್ಟು ಇಳಿಸ್ತಾ ಅಲ್ಲೇ ಕುಂತ್ಕಂಡ. ತುಮಕೂರಲ್ಲಿ ಎಲ್ಡನೇ ಆಪ್ರೇಷನ್ ಆಗಿ ಈಗ ಹಟ್ಟೀಲವ್ನೆ. ಇನ್ನ ಗಿಟಾರು ಆಗಾಕಿಲ್ಲ ಅಂತವ್ನೆ. ಪಾಪ, ಅವ್ನ ಹಣೇಬರ."

ಮರುಳಸಿದ್ದಯ್ಯನವರ ಕೈಯಲ್ಲಿದ್ದ ಬೆಸುಗೆ ಕಡ್ಡಿ ಬೆಂಚಿನ ಮೇಲಿನ ಪೇಪರನ್ನು ಸುಡುತ್ತಿತ್ತು. ಅಡವಯ್ಯನೇ ಅದನ್ನು ಎತ್ತಿಟ್ಟ. ಹಣೆಬರಹವಲ್ಲ, ನನ್ನ ಹಿತ್ತಲಿನ ಕಲ್ಲು ಎಂದು ಹೇಳಲು ಅವರು ಬಾಯಿ ತೆರೆದರು. ಮಾತು ಹೊರಡಲಿಲ್ಲ. ಮೈಕಿನ ಮನುಷ್ಯನಿಗೆ ಇಡೀ ಜೀವಮಾನದಲ್ಲಿ ದನಿ ಬೇಕಾಗಿದ್ದು ಅವತ್ತು ಒಂದೇ ದಿನ.

ಮರುದಿನ ಮೊದಲ ಬಸ್ಸಿಗೆ ಸ್ಕ್ರೂಡ್ರೈವರ್ ಒಂದನ್ನು ಜೇಬಿನಲ್ಲಿಟ್ಟುಕೊಂಡು ಹೊರಟರು. ಶಿರಾದಲ್ಲಿ ಬಸ್ ಬದಲಿಸಿ, ತಾವರೆಕೆರೆ ದಾಟಿ ಇಳಿದು, ಒಂದೂವರೆ ಮೈಲಿ ನಡೆದರು. ಬರೀ ಕೈಯಲ್ಲಿ ನಡೆದರೂ ಬೆವರಿದರು. ಈ ದಾರಿಯಲ್ಲಿ ಕರಿಯಕ್ಕ ಹದಿನೇಳು ಕೇಜಿ ತಲೆಯ ಮೇಲೆ ಹೊತ್ತು ಎಷ್ಟು ಸಲ ಓಡಾಡಿರಬಹುದು ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟರು.

ಹಟ್ಟಿಯಲ್ಲಿ ಅವರನ್ನು ಕಂಡೊಡನೆ ಕರಿಯಕ್ಕ ಚೆಂಬು ನೀರು ತಂದು ಕಾಲಿಗೆ ಹುಯ್ದಳು. ಸೆರಗು ಹೊದ್ದು ಬಗ್ಗಿ ಪಾದ ಮುಟ್ಟಿದಳು. "ನಮ್ಮಂತೋರ ಮನೀಗೆ ಅಯ್ನೋರು ನಡ್ಕಂಡ್ ಬಂದ್ರಲ್ಲ" ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ಆ ಪಾದಗಳನ್ನು ಎಲ್ಲಿ ಬಚ್ಚಿಡಬೇಕೋ ಅವರಿಗೆ ತಿಳಿಯಲಿಲ್ಲ.

ಯತ್ತಪ್ಪ ಒಳಗೆ ಕಂಬಳಿಯ ಮೇಲೆ ಮಲಗಿದ್ದ, ಬಹಳ ಇಳಿದುಹೋಗಿದ್ದ. ಮೂಲೆಯಲ್ಲಿ ಗೋಡೆಗೊರಗಿದ್ದ ಗಿಟಾರು, ಪಕ್ಕದಲ್ಲಿ ಹಳೆ ಸೀರೆ ಹೊದ್ದ ಸೆಟ್ಟು. ಏಳಲು ಹೋದವನನ್ನು ಮರುಳಸಿದ್ದಯ್ಯನವರು ತಡೆದರು. ಕರಿಯಕ್ಕ ಮಜ್ಜಿಗೆ ತರಲು ಹೊರಗೆ ಹೋಗಿದ್ದಳು. ಅವರು ಸೆಟ್ಟನ್ನು ನೆಲದ ಮೇಲೆ ಮಗುಚಿ, ತಮ್ಮ ಉಂಗುರದ ಗುರುತಿದ್ದ ನಾಲ್ಕು ಅರಗನ್ನೂ ಒಡೆದು, ಸ್ಕ್ರೂ ಬಿಚ್ಚಿ ತಳ ತೆಗೆದರು. ಕಲ್ಲನ್ನು ಎರಡು ಕೈಯಲ್ಲಿ ಹಿಡಿದು ಯತ್ತಪ್ಪನ ಮುಂದೆ ಇಟ್ಟರು.

"ದನಿಗೆ ತೂಕ ಬೇಕಾಗಿರಲಿಲ್ಲ ಯತ್ತಪ್ಪ. ನನ್ನ ಮರ್ಯಾದೆಗೆ ಬೇಕಾಗಿತ್ತು. ಸುಳ್ಳು ಹೇಳಿದೆ. ನಿನ್ನ ಹೊಟ್ಟೆಗೆ ಕತ್ತರಿ ಹಾಕಿಸಿದವನು ನಾನು."

ಯತ್ತಪ್ಪ ಕಲ್ಲನ್ನು ನೋಡಿದ. ಅವನ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ.

"ಕಡಪ ಕಲ್ಲಾ? ನಾನು ಕಬ್ಣ ಇರ್ಬೇಕು ಅಂದ್ಕಂಡಿದ್ದೆ" ಅಂದ.

"ನಿನಗೆ ಗೊತ್ತಿತ್ತಾ?"

"ಅವತ್ತೇ ಗೊತ್ತಾಯ್ತು ಅಯ್ನೋರೆ. ಸಂತೇಲಿ ಕುರಿಗೆ ಉಪ್ಪು ನೆಕ್ಸಿ, ನೀರು ಕುಡ್ಸಿ, ತೂಕ ಮಾಡಿ ಮಾರ್ತಾರೆ. ಎತ್ತಿದ್ ತಕ್ಷಣ ನಮ್ಗೆ ತಿಳೀತದೆ, ಇದು ಮಾಂಸ ಅಲ್ಲ ನೀರು ಅಂತ. ಟ್ರಾನ್ಸ್‌ಫಾರ್ಮರ್ ಆದ್ರೆ ಒಂದ್ ಮಗ್ಗುಲಿಗೆ ವಾಲ್ಬೇಕು. ಇದು ನಾಕೂ ಮೂಲೇಗೂ ಒಂದೇ ಸಮ ಕುಂತಿತ್ತು. ದನಿ ನೋಡುದ್ರೆ ಮರಿ ದನೀನೇ, ಒಂದೆಳೆ ಹೆಚ್ಚಾಗಿರ್ಲಿಲ್ಲ."

"ಮತ್ತೆ ಯಾಕೆ ಹೇಳಲಿಲ್ಲ? ನೀನೇ ಬಿಚ್ಚಿ ಎಸೀಬಹುದಿತ್ತಲ್ಲ!"

"ಅರಗು ಹಾಕಿದ್ರಲ್ಲ. ಅಯ್ನೋರು ಮುಚ್ಚಿದ್ದನ್ನ ನಾನೆಂಗೆ ಬಿಚ್ಲಿ? ಎಂಟು ಜನದ ಮುಂದೆ ನಿಮ್ಮ ಮುಖ ನೋಡ್ದೆ, ಬಾಯಿ ಬರ್ಲಿಲ್ಲ. ನೀವೇ ತೆಗೀತೀರಿ ಅಂತ ಕಾದೆ." ಅವನು ಸ್ವಲ್ಪ ಉಸಿರು ತೆಗೆದುಕೊಂಡ. "ಮೂರು ಸಲ ತಂದು ಬುಟ್ಟೆ. ಗುಂಯ್ ಅಂತೈತೆ ಅಂತ ಒಂದ್ಸಲ, ಲಟಪಟ ಅಂತ ಒಂದ್ಸಲ. ಯಾವ್ದೂ ಇರ್ಲಿಲ್ಲ ಅಯ್ನೋರೆ. ನಾನು ಎದ್ರುಗಿದ್ರೆ ನಿಮ್ಗೆ ನಾಚ್ಕೆ ಆಯ್ತದೆ ಅಂತ ಸಂಜೆವರ್ಗೂ ಬಸ್ ಸ್ಟ್ಯಾಂಡಲ್ಲಿ ಕುಂತಿರ್ತಿದ್ದೆ. ಕಡೇ ಸಲ ಎಲ್ಡು ದಿನ ಬುಟ್ಟೆ."

ಮರುಳಸಿದ್ದಯ್ಯನವರು ನೆಲ ನೋಡುತ್ತಾ ಕೂತರು. ಬೈದಿದ್ದರೆ, ಕಲ್ಲನ್ನೇ ಎತ್ತಿ ಎಸೆದಿದ್ದರೆ ತಡೆದುಕೊಳ್ಳುತ್ತಿದ್ದರೇನೋ. ಮೂರು ಸಲ ಅವನು ತಮ್ಮ ಮರ್ಯಾದೆಯನ್ನು ಕಾಯಲು ಬಂದು ಬಿಸಿಲಲ್ಲಿ ಕೂತಿದ್ದ. ಮೂರು ಸಲವೂ ತಾವು ಕಲ್ಲನ್ನು ಒಳಗಿಟ್ಟೇ ಕಳಿಸಿದ್ದರು. ಅಳು ಬಂತು, ಅತ್ತರು.

"ಕರಿಯಕ್ಕಂಗೆ ಗೊತ್ತಿಲ್ಲ" ಎಂದು ಯತ್ತಪ್ಪ ತಗ್ಗಿದ ದನಿಯಲ್ಲಿ ಹೇಳಿದ. "ಅವ್ಳಿಗೆ ಹೇಳ್ಬ್ಯಾಡಿ. ಕಲ್ಲು ಸೀರೆ ಕೆಳಗೆ ಇಡಿ."

ಅಷ್ಟರಲ್ಲಿ ಕರಿಯಕ್ಕ ಮಜ್ಜಿಗೆಯ ಲೋಟ ಹಿಡಿದು ಬಂದಳು. ಅಯ್ನೋರಿಗೆ ಸರಿಯಾಗಿ ಕೂರಲು ಜಾಗ ಮಾಡಲೆಂದು, ಲೋಟ ಕೆಳಗಿಟ್ಟು, ನಡುವೆ ಮಗುಚಿದ್ದ ಸೆಟ್ಟನ್ನು ಪಕ್ಕಕ್ಕಿಡಲು ಬಗ್ಗಿದಳು. ಅಭ್ಯಾಸದಂತೆ ಸೊಂಟ ಬಿಗಿದು, ತಲೆಗೆ ಏರಿಸುವವಳ ಹಾಗೆ ಎರಡು ಕೈ ಕೊಟ್ಟು ಎತ್ತಿದಳು. ಸೆಟ್ಟು ಸರಕ್ಕನೆ ಮೇಲೆ ಬಂತು. ಅವಳು ಒಂದು ಹೆಜ್ಜೆ ಹಿಂದಕ್ಕೆ ತಡವರಿಸಿ ನಿಂತು, ಕೈಯಲ್ಲಿದ್ದುದನ್ನು ನೋಡಿದಳು, ನೆಲದ ಮೇಲಿದ್ದ ಕಲ್ಲನ್ನು ನೋಡಿದಳು. ಆಮೇಲೆ ಗಂಡನನ್ನು.

"ಇಷ್ಟೇನಾ ಇದು?" ಎಂದು ಕೇಳಿದಳು.

ಯತ್ತಪ್ಪ ಗೋಡೆಯ ಕಡೆ ಮುಖ ತಿರುಗಿಸಿದ. ಉತ್ತರ ಹೇಳಬೇಕಾದವರು ಮರುಳಸಿದ್ದಯ್ಯನವರು. ಈ ಸಲ ಅವರು "ಮುಂದಿನ ಸಲ" ಅನ್ನಲಿಲ್ಲ. ಎದ್ದು ನಿಂತು, ಮಜ್ಜಿಗೆ ಮುಟ್ಟದೆ, "ಇಷ್ಟೇ ಕಣಮ್ಮ. ಮಿಕ್ಕಿದ್ದು ನಾನು ಹೊರಿಸಿದ್ದು" ಎಂದರು.